ಹುಡುಗ ಯಹೂದಿ, ಹುಡುಗಿ ಬೇರೆ... ಖಳನಾಯಕಿ ಮಾತ್ರ ಹೆತ್ತಮ್ಮ!

ಹೌಸ್‌ಫುಲ್ ಬೋರ್ಡು ಗೇಟಿಗೆ ತೂಗುತ್ತಿರುವಾಗಲೇ ಯಾರಾದರೂ ಚಿತ್ರವನ್ನು ಥಿಯೇಟರಿನಿಂದ ಎತ್ತುತ್ತಾರೆಯೇ? ಎತ್ತುವುದಿಲ್ಲ. ವಿತರಕ ಬಿಡುವುದಿಲ್ಲ, ಥಿಯೇಟರ್ ಮಾಲೀಕ ಬಿಡುವುದಿಲ್ಲ, ಬ್ಲ್ಯಾಕಿನಲ್ಲಿ ಟಿಕೆಟ್ ಮಾರುವವನಂತೂ ಬಿಡುವುದೇ ಇಲ್ಲ! ಆದರೆ ಅಮೆರಿಕದಲ್ಲಿ 1973ರಲ್ಲಿ ಇಂಥದೊಂದು ವಿಚಿತ್ರ ನಡೆದುಹೋಯಿತು. ಬೆಳ್ಳಿತೆರೆಯಲ್ಲಲ್ಲ, ಕಿರುತೆರೆಯಲ್ಲಿ. ಆ ಋತುವಿನ ಜನಪ್ರಿಯ ಕಾರ್ಯಕ್ರಮಗಳ ಪಟ್ಟಿಯಲ್ಲಿ ಐದನೇ ಸ್ಥಾನದಲ್ಲಿ ಕಾಲುಚಾಚಿ ಕುಳಿತಿದ್ದ ಹಾಸ್ಯ ಧಾರಾವಾಹಿಯನ್ನು ಬರೀ 24 ಕಂತಿಗೆ ಮುಗಿಸಿ ಕೈತೊಳೆದುಕೊಂಡಿತು ಸಿ.ಬಿ.ಎಸ್. ಎಂಬ ದೊಡ್ಡ ಟಿ.ವಿ. ಸಂಸ್ಥೆ.

ಏನಿತ್ತು ಅದರಲ್ಲಿ? ಅಶ್ಲೀಲವೇ? ಇಲ್ಲ. ಹೊಡೆದಾಟ, ರಕ್ತಪಾತವೇ? ಅದೂ ಇಲ್ಲ. ಇದ್ದದ್ದು ಒಂದು ಮದುವೆ, ಅಷ್ಟೇ. ಹುಡುಗ ಯಹೂದಿ, ಹುಡುಗಿ ಕ್ರೈಸ್ತಳು. ಇಬ್ಬರೂ ಒಪ್ಪಿ, ನಗುನಗುತ್ತಾ ಮದುವೆಯಾಗಿ, ನಗುನಗುತ್ತಾ ಸಂಸಾರ ಮಾಡುತ್ತಾರೆ. ನೋಡುವವರೂ ನಗುತ್ತಾರೆ. ಆದರೆ ಎಲ್ಲರಿಗೂ ನಗು ಬರಲಿಲ್ಲ!

ಅಂದಿನಿಂದ ಇಂದಿನವರೆಗೆ ಅರ್ಧ ಶತಮಾನ ಕಳೆದಿದೆ. ಇವತ್ತು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಹುಡುಗಿ ಮೊಬೈಲಿನಲ್ಲಿ ನೋಡಿ ಮುಸಿಮುಸಿ ನಗುವ ಅಮೆರಿಕನ್ ಪ್ರೇಮಹಾಸ್ಯದ ಧಾರಾವಾಹಿಗಳಲ್ಲಿಯೂ ಅದೇ ಹುಡುಗ, ಅದೇ ಹುಡುಗಿ, ಅದೇ ಅಮ್ಮ! ಈ ಕಥೆ ಬೆಳೆದು ಬಂದ ದಾರಿ ಸ್ವಾರಸ್ಯವಾಗಿದೆ, ಸ್ವಲ್ಪ ನೋವಿನದೂ ಹೌದು. ಓದಿ ನೋಡಿ.

ಐದನೇ ಸ್ಥಾನದಲ್ಲಿದ್ದರೂ ಗೇಟ್‌ಪಾಸ್

ಧಾರಾವಾಹಿಯ ಹೆಸರು ‘ಬ್ರಿಜೆಟ್ ಲವ್ಸ್ ಬರ್ನಿ’. ಶುರುವಾದದ್ದು 1972ರಲ್ಲಿ. ಬರ್ನಿ ಸ್ಟೈನ್‌ಬರ್ಗ್ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಓಡಿಸುವ ಯಹೂದಿ ಹುಡುಗ. ನಾಟಕ ಬರೆದು ಹೆಸರು ಮಾಡುವ ಕನಸು. ಅಪ್ಪ-ಅಮ್ಮನದು ಬ್ರೆಡ್ಡು, ಮಾಂಸದ ತಿನಿಸು, ಉಪ್ಪಿನಕಾಯಿ ಮಾರುವ ಅಂಗಡಿ. ಬ್ರಿಜೆಟ್ ಫಿಟ್ಸ್‌ಜೆರಾಲ್ಡ್ ಶಾಲೆಯ ಟೀಚರ್. ಐರಿಷ್ ಕ್ಯಾಥೊಲಿಕ್ ಮನೆತನ, ಅಪ್ಪ ಶ್ರೀಮಂತ, ಅಣ್ಣ ಚರ್ಚಿನ ಪಾದ್ರಿ. ಇನ್ನೇನು ಬೇಕು ಸ್ವಾಮಿ! ಬಡವ-ಶ್ರೀಮಂತೆ, ಎರಡು ಧರ್ಮ, ಎರಡು ಅಡಿಗೆಮನೆ, ಎರಡು ಜೊತೆ ಬೀಗರು. ಗಾಂಧಿನಗರದ ಯಾವ ಕಥೆಗಾರನನ್ನು ಕೇಳಿದರೂ ನೂರು ದಿನ ಗ್ಯಾರಂಟಿ ಎನ್ನುವ ಮಸಾಲೆ.

ಶನಿವಾರ ರಾತ್ರಿ ಪ್ರಸಾರ. ಹಿಂದೆ ‘ಆಲ್ ಇನ್ ದ ಫ್ಯಾಮಿಲಿ’, ಮುಂದೆ ‘ಮೇರಿ ಟೈಲರ್ ಮೂರ್ ಷೋ’. ಎರಡೂ ಆಗಿನ ಸೂಪರ್‌ಹಿಟ್‌ಗಳು. ನಡುವೆ ಸಿಕ್ಕ ಜಾಗ ಎಂದರೆ ಎರಡು ಹಬ್ಬದ ನಡುವಿನ ರಜಾ ದಿನ ಇದ್ದ ಹಾಗೆ, ಜನ ಎದ್ದು ಹೋಗುವುದೇ ಇಲ್ಲ. ಬ್ರಿಜೆಟ್ ಆದವಳು ಮೆರೆಡಿತ್ ಬ್ಯಾಕ್ಸ್‌ಟರ್, ಬರ್ನಿ ಆದವನು ಡೇವಿಡ್ ಬಿರ್ನಿ. ಪರದೆಯ ಮೇಲಿನ ಗಂಡ-ಹೆಂಡತಿ 1974ರಲ್ಲಿ ನಿಜ ಜೀವನದಲ್ಲಿಯೂ ಮದುವೆಯಾದರು! (1989ರಲ್ಲಿ ಬೇರೆಯಾದರು ಎಂಬುದು ಬೇರೆ ಮಾತು.)

ಧಾರಾವಾಹಿ ಮೇಲೇರುತ್ತಿದ್ದಂತೆ ಯಹೂದಿ ಧರ್ಮಗುರುಗಳಿಂದ, ಅಂದರೆ ರಬ್ಬಿಗಳಿಂದ, ವಿರೋಧ ಬಂತು. ಯಹೂದಿಗಳಲ್ಲಿ ಸಂಪ್ರದಾಯಸ್ಥರು, ಮಧ್ಯಮಪಂಥದವರು, ಸುಧಾರಣಾವಾದಿಗಳು ಎಂದು ಮೂರು ದೊಡ್ಡ ಪಂಗಡ. ಪೂಜೆ, ಊಟ, ಉಡುಗೆ ಯಾವುದರಲ್ಲೂ ಇವರಿಗೆ ಒಮ್ಮತವಿಲ್ಲ. ಆದರೆ ಈ ಒಂದು ಧಾರಾವಾಹಿಯ ವಿಷಯದಲ್ಲಿ ಮೂವರೂ ಒಂದಾದರು. ಸಂಸ್ಥೆಯ ಮುಖ್ಯಸ್ಥರ ಬಾಗಿಲು ತಟ್ಟಿದರು. ಜಾಹೀರಾತು ಕೊಡುವ ಕಂಪನಿಗಳಿಗೆ ಬಿಸಿ ಮುಟ್ಟಿಸಿದರು. ಉಗ್ರ ಗುಂಪಿನವರಿಂದ ಬೆದರಿಕೆಗಳೂ ಬಂದವು. ಕೊನೆಗೆ ಧಾರಾವಾಹಿ ನಿಂತಿತು. ಆ ಜಾಗಕ್ಕೆ ಮುಂದಿನ ಋತುವಿನಲ್ಲಿ ‘ಮ್ಯಾಶ್’ ಬಂತು. ಅಷ್ಟು ಜನ ನೋಡುತ್ತಿದ್ದ ಕಾರ್ಯಕ್ರಮ ಹಾಗೆ ರದ್ದಾದದ್ದು ಅಲ್ಲಿಯವರೆಗೆ ಇರಲೇ ಇಲ್ಲ. ಪ್ರತಿಭಟನೆಯ ಬಿಸಿಗೇ ಅದು ಕರಗಿತು ಎಂಬುದೇ ಅಂದಿನಿಂದಲೂ ನಡೆದು ಬಂದ ಮಾತು.

ಇನ್ನೊಂದು ತಮಾಷೆ ಕೇಳಿ. ಈ ಕಥೆ ಹೊಸದೂ ಅಲ್ಲ. ‘ಏಬೀಸ್ ಐರಿಷ್ ರೋಸ್’ ಎಂಬ ನಾಟಕ 1922ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇನಲ್ಲಿ ಶುರುವಾಗಿ ಐದು ವರ್ಷದ ಮೇಲೆ ಓಡಿ 2,327 ಪ್ರದರ್ಶನ ಕಂಡಿತ್ತು. ಅಲ್ಲಿಯೂ ಯಹೂದಿ ಹುಡುಗ, ಐರಿಷ್ ಕ್ಯಾಥೊಲಿಕ್ ಹುಡುಗಿ. ಅಜ್ಜ ನಕ್ಕ ಕಥೆಗೆ ಮೊಮ್ಮಗ ಯಾಕೆ ಅತ್ತ? ಅದನ್ನು ತಿಳಿಯಬೇಕಾದರೆ ಯಹೂದಿ ಎಂದರೆ ಯಾರು ಎಂಬುದನ್ನು ಮೊದಲು ನೋಡಬೇಕು.

ನಾದಿರಾ ನೆನಪಿದ್ದಾರೆಯೇ?

ನಮ್ಮ ಚಿತ್ರರಸಿಕರಿಗೆ ಯಹೂದಿಗಳು ಅಪರಿಚಿತರೇನಲ್ಲ. ಹೆಸರು ಗೊತ್ತು, ಮುಖ ಗೊತ್ತು, ಜಾತಿ ಗೊತ್ತಿರಲಿಲ್ಲ ಅಷ್ಟೇ! ‘ಶ್ರೀ 420’ (1955) ಚಿತ್ರದಲ್ಲಿ ರಾಜ್‌ಕಪೂರ್‌ನನ್ನು ದಾರಿ ತಪ್ಪಿಸುವ ಬೆಡಗಿ ನಾದಿರಾ ಇದ್ದಾರಲ್ಲ, ಅವರ ನಿಜನಾಮ ಫ್ಲಾರೆನ್ಸ್ ಎಜೆಕಿಯೆಲ್, ಬಾಗ್ದಾದಿ ಯಹೂದಿ ಮನೆತನ. ‘ಬೂಟ್ ಪಾಲಿಶ್’ (1954) ಚಿತ್ರದ ಜಾನ್ ಚಾಚಾ ಆಗಿ ಕಣ್ಣೀರು ತರಿಸಿದ ಡೇವಿಡ್, ಬೆನೆ ಇಸ್ರೇಲ್ ಎಂಬ ಭಾರತೀಯ ಯಹೂದಿ ಪಂಗಡದವರು. ಮೂಕಿಚಿತ್ರಗಳ ರಾಣಿ ಸುಲೋಚನಾ ಎಂದರೆ ರೂಬಿ ಮೈಯರ್ಸ್, ಅವರೂ ಯಹೂದಿಯೇ.

‘ಜೂಲಿ’ (1975) ಚಿತ್ರವನ್ನು ನೆನಪು ಮಾಡಿಕೊಳ್ಳಿ. ನಮ್ಮ ಕನ್ನಡಿಗರ ಮೆಚ್ಚಿನ ಲಕ್ಷ್ಮಿ ಅದರ ನಾಯಕಿ. ಆಂಗ್ಲೋ-ಇಂಡಿಯನ್ ಕ್ರೈಸ್ತ ಹುಡುಗಿ, ಹಿಂದೂ ಹುಡುಗನನ್ನು ಪ್ರೀತಿಸುತ್ತಾಳೆ. ಅವಳ ಕ್ರೈಸ್ತ ತಾಯಿಯಾಗಿ ನಟಿಸಿ ಫಿಲಂಫೇರ್ ಗೆದ್ದವರು ಯಹೂದಿ ನಾದಿರಾ! ಇತ್ತ ಬಿಮಲ್ ರಾಯ್ ಅವರ ‘ಯಹೂದಿ’ (1958) ಚಿತ್ರದಲ್ಲಿ ಯಹೂದಿ ತಂದೆಯಾದವರು ಪಾರ್ಸಿ ಸೊಹ್ರಾಬ್ ಮೋದಿ. ಕಲಾವಿದನಿಗೆ ಜಾತಿ ಏನು ಬಂತು ಎನ್ನುತ್ತೀರಾ? ಮಾತು ನಿಜ. ಆದರೆ ಅಮೆರಿಕದಲ್ಲಿ ಇದೇ ಮಾತು ದೊಡ್ಡ ಜಗಳವಾಗಿದೆ. ಆ ವಿಷಯಕ್ಕೆ ಆಮೇಲೆ ಬರೋಣ.

ಮಗು ಯಾರ ಪಾಲಿಗೆ?

ಯಹೂದಿ ಸಂಪ್ರದಾಯದಲ್ಲಿ ಒಂದು ಕಟ್ಟಳೆ ಇದೆ. ಕುಲ ಬರುವುದು ತಾಯಿಯಿಂದ. ಅಮ್ಮ ಯಹೂದಿಯಾದರೆ ಮಗು ಯಹೂದಿ. ಅಪ್ಪ ಮಾತ್ರ ಯಹೂದಿಯಾದರೆ ಅಲ್ಲ! ಅಪ್ಪನ ಗೋತ್ರ ಹೇಳಿಕೊಳ್ಳುವ ನಮಗೆ ಇದು ತಲೆಕೆಳಗಾಗಿ ಕಾಣಬಹುದು. ಅಳಿಯಕಟ್ಟು ಬಲ್ಲ ದಕ್ಷಿಣ ಕನ್ನಡದವರಿಗೆ ಬೇಗ ಅರ್ಥವಾದೀತು.

ಈಗ ಲೆಕ್ಕ ಹಾಕಿ. ಬರ್ನಿಗೆ ಬ್ರಿಜೆಟ್‌ಳಿಂದ ಮಗು ಹುಟ್ಟಿದರೆ ಅಂದಿನ ಕಟ್ಟಳೆಯ ಪ್ರಕಾರ ಅದು ಯಹೂದಿ ಮಗುವಲ್ಲ. ಅಪ್ಪನಿಂದಲೂ ಕುಲ ಬರಬಹುದು ಎಂದು ಅಮೆರಿಕದ ಸುಧಾರಣಾವಾದಿ ರಬ್ಬಿಗಳು ಒಪ್ಪಿದ್ದು 1983ರಲ್ಲಿ, ಅಂದರೆ ಧಾರಾವಾಹಿ ನಿಂತು ಹತ್ತು ವರ್ಷದ ಮೇಲೆ. ಅದನ್ನೂ ಉಳಿದ ಎರಡು ಪಂಗಡದವರು ಒಪ್ಪಲಿಲ್ಲ.

ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧ ಮುಗಿದದ್ದು 1945ರಲ್ಲಿ. ಹಿಟ್ಲರನ ಕೈಯಲ್ಲಿ 60 ಲಕ್ಷ ಯಹೂದಿಗಳು ಸತ್ತು ಮೂವತ್ತು ವರ್ಷವೂ ಆಗಿರಲಿಲ್ಲ. ಬದುಕಿ ಬಂದು ನ್ಯೂಯಾರ್ಕಿನಲ್ಲಿ ಅಂಗಡಿ ಇಟ್ಟುಕೊಂಡವರು, ಅವರ ಮಕ್ಕಳು ಶನಿವಾರ ರಾತ್ರಿ ಟಿ.ವಿ. ಹಾಕಿದರೆ ಕಾಣುವುದೇನು? ನಿಮ್ಮ ಮಗ ಬೇರೆಯವಳನ್ನು ಕಟ್ಟಿಕೊಂಡರೆ ಅಡ್ಡಿಯಿಲ್ಲ, ಅದು ನಗುವ ವಿಷಯ ಎಂದು ಹೇಳುವ ಕಥೆ! ಸಂಖ್ಯೆಯಲ್ಲಿ ಕೋಟಿಗಟ್ಟಲೆ ಇರುವವರಿಗೆ ಒಂದು ಮದುವೆ ಒಂದು ಮದುವೆ ಅಷ್ಟೇ. ಬೆರಳೆಣಿಕೆಯವರಿಗೆ ಅದು ಸಂತಾನದ ಪ್ರಶ್ನೆ.

ಹಾಗೆಂದು ಧಾರಾವಾಹಿ ನಿಲ್ಲಿಸಿದ್ದು ಸರಿಯೇ? ಈ ಬರಹಗಾರನ ಮಟ್ಟಿಗೆ ಖಂಡಿತ ಸರಿಯಲ್ಲ. ನೋಡಬೇಡಿ ಎನ್ನಬಹುದು, ತೋರಿಸಬೇಡಿ ಎನ್ನಬಾರದು. ನಿಲ್ಲಿಸಿದ್ದರಿಂದ ಮದುವೆಗಳು ನಿಂತವೇ? ಪ್ಯೂ ಎಂಬ ಸಂಸ್ಥೆ 2020ರಲ್ಲಿ ನಡೆಸಿದ ಸಮೀಕ್ಷೆ ನೋಡಿ. 1980ಕ್ಕೆ ಮೊದಲು ಮದುವೆಯಾದ ಅಮೆರಿಕದ ಯಹೂದಿಗಳಲ್ಲಿ ಹೊರಗಿನ ಸಂಗಾತಿ ಇದ್ದವರು ನೂರಕ್ಕೆ 18. 2010ರ ನಂತರ ಮದುವೆಯಾದವರಲ್ಲಿ ನೂರಕ್ಕೆ 61! ಬರ್ನಿಯನ್ನು ಟಿ.ವಿ.ಯಿಂದ ಓಡಿಸಿದರು, ಆದರೆ ಅವನು ಮನೆಮನೆಗೇ ಬಂದ.

ಆದರೂ ಆ ರಬ್ಬಿಗಳ ಸಂಕಟ ಸುಳ್ಳಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಅದನ್ನು ಮರೆತದ್ದರಿಂದಲೇ ಮುಂದಿನ ಧಾರಾವಾಹಿಗಳೆಲ್ಲ ಹಗುರವಾದವು.

ಐದು ಕೋಟಿ ಜನ ನೋಡಿದ ಮದುವೆ

ಬರ್ನಿ ಹೋದ ಮರುವರ್ಷವೇ ಅದೇ ಸಿ.ಬಿ.ಎಸ್. ‘ರೋಡಾ’ ತಂದಿತು. ರೋಡಾ ಮಾರ್ಗನ್‌ಸ್ಟರ್ನ್ ಜಾಣೆ, ಬಾಯಿಬಡುಕಿ, ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಯಹೂದಿ ಹುಡುಗಿ. 1974ರ ಅಕ್ಟೋಬರ್ 28ರಂದು ಪ್ರಸಾರವಾದ ಅವಳ ಮದುವೆಯ ಕಂತನ್ನು ನೋಡಿದವರು 5 ಕೋಟಿ 20 ಲಕ್ಷಕ್ಕೂ ಹೆಚ್ಚು. ಮದುವೆಯ ಗೌನು ತೊಟ್ಟು ಸಬ್‌ವೇ ರೈಲು ಹತ್ತಿ ಓಡುವ ಮದುವಣಗಿತ್ತಿಯನ್ನು ಅಮೆರಿಕ ಇವತ್ತಿಗೂ ಮರೆತಿಲ್ಲ.

ಆದರೆ ಗಮನಿಸಿ. ರೋಡಾ ಯಹೂದಿ ಎಂದು ನಮಗೆ ತಿಳಿಯುವುದು ಹೇಗೆ? ಮಾತಿನ ಧಾಟಿಯಿಂದ. ಊಟದ ಗೀಳಿನಿಂದ. ಎಲ್ಲಕ್ಕಿಂತ ಹೆಚ್ಚಾಗಿ ಅಮ್ಮ ಐಡಾಳಿಂದ! ಮಗಳ ತೂಕ, ಮಗಳ ಗಂಡ, ಮಗಳ ಮನೆ ಎಲ್ಲದರಲ್ಲೂ ಮೂಗು ತೂರಿಸುವ ಅಮ್ಮ. ದೇವರು, ಹಬ್ಬ, ವ್ರತ ಇವೆಲ್ಲ ಪರದೆಯ ಹಿಂದೆ. ಬರ್ನಿಯ ಪಾಠವನ್ನು ಟಿ.ವಿ.ಯವರು ಚೆನ್ನಾಗಿ ಕಲಿತಿದ್ದರು. ಧರ್ಮದ ತಂಟೆ ಬೇಡ, ಒಗ್ಗರಣೆ ಸಾಕು!

ಈ ಒಗ್ಗರಣೆ ನೀತಿ ಇಪ್ಪತ್ತು ವರ್ಷ ನಡೆಯಿತು. ‘ಸೈನ್‌ಫೆಲ್ಡ್’ನ ಮೊದಲ ಕಂತು ನೋಡಿ ಇದು ತೀರಾ ನ್ಯೂಯಾರ್ಕಿನದು, ತೀರಾ ಯಹೂದಿಗಳದು ಎಂದು ಹಿಂಜರಿದವರು ಎನ್.ಬಿ.ಸಿ.ಯ ಮುಖ್ಯಸ್ಥ ಬ್ರ್ಯಾಂಡನ್ ಟಾರ್ಟಿಕಾಫ್. ಅವರೇ ಯಹೂದಿ! ‘ಮ್ಯಾಡ್ ಅಬೌಟ್ ಯೂ’ (1992-99) ಧಾರಾವಾಹಿಯ ಗಂಡ ಪಾಲ್ ಯಹೂದಿ, ಹೆಂಡತಿ ಜೇಮಿ ಅಲ್ಲ. ಬರ್ನಿಯ ಕಾಲಕ್ಕೆ ದೇಶವನ್ನೇ ಅಲ್ಲಾಡಿಸಿದ ಆ ವಿಷಯದ ಸುದ್ದಿ ಇಲ್ಲಿ ಬರುವುದೇ ಅಪರೂಪ. ನಮ್ಮ ಹುಡುಗರು ಬಾಯಿಪಾಠ ಮಾಡಿರುವ ‘ಫ್ರೆಂಡ್ಸ್’ (1994-2004) ತೆಗೆದುಕೊಳ್ಳಿ. ರಾಸ್ ಮತ್ತು ಮೋನಿಕಾ ಯಹೂದಿ ಮನೆಯ ಅಣ್ಣ-ತಂಗಿ ಎಂಬುದು ನೋಡಿದವರಲ್ಲಿ ಎಷ್ಟು ಜನರಿಗೆ ಹೊಳೆದಿದೆ? 2000ದ ಡಿಸೆಂಬರಿನಲ್ಲಿ ಬಂದ ಒಂದು ಕಂತಿನಲ್ಲಿ ರಾಸ್ ತನ್ನ ಮಗನಿಗೆ ಹನುಕ್ಕಾ ಹಬ್ಬದ ಕಥೆ ಹೇಳಲು ಹೆಣಗುತ್ತಾನೆ. ಮಗನಿಗೆ ಬೇಕಾದದ್ದು ಸಾಂಟಾಕ್ಲಾಸ್. ಸಾಂಟಾ ವೇಷ ಸಿಗದೆ ಅಪ್ಪ ಚಿಪ್ಪುಳ್ಳ ಆರ್ಮಡಿಲ್ಲೊ ಪ್ರಾಣಿಯ ವೇಷ ಹಾಕಿ ನಿಲ್ಲುತ್ತಾನೆ! ನಕ್ಕು ನಕ್ಕು ಸುಸ್ತಾಗುವ ದೃಶ್ಯ. ಆದರೆ ನಗು ನಿಂತ ಮೇಲೆ ಯೋಚಿಸಿದರೆ, ತನ್ನ ಹಬ್ಬವನ್ನು ಮಗನಿಗೆ ದಾಟಿಸಲು ಅಪ್ಪ ಕೋಡಂಗಿ ಆಗಬೇಕಾದ ಕಥೆ ಅದು.

‘ಇಟಲಿಯವಳಾಗು’ ಎಂದರು!

ಒಗ್ಗರಣೆ ನೀತಿಗೆ ಎದುರು ನಿಂತವಳು ಒಬ್ಬ ಹೆಣ್ಣುಮಗಳು. ಹೆಸರು ಫ್ರಾನ್ ಡ್ರೆಶರ್. ಮೂಗಿನಿಂದ ಹೊರಡುವ ಕೀರಲು ದನಿ. ಈ ದನಿಗೆ ನಾಯಕಿ ಪಾತ್ರವೇ ಎಂದು ಯಾರಾದರೂ ನಗುವಂಥದು. ಗಂಡ ಪೀಟರ್ ಮಾರ್ಕ್ ಜೇಕಬ್‌ಸನ್ ಜೊತೆ ಸೇರಿ ಆಕೆ ‘ದ ನ್ಯಾನಿ’ ಎಂಬ ಕಥೆ ಕಟ್ಟಿದಳು. ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಫ್ರಾನ್ ಫೈನ್ ಎಂಬ ಯಹೂದಿ ಹುಡುಗಿ, ಹೆಂಡತಿ ಸತ್ತ ಬ್ರಿಟಿಷ್ ನಾಟಕ ನಿರ್ಮಾಪಕ ಷೆಫೀಲ್ಡ್ ಸಾಹೇಬನ ಮೂರು ಮಕ್ಕಳನ್ನು ನೋಡಿಕೊಳ್ಳಲು ಸೇರುತ್ತಾಳೆ. ಆಮೇಲೆ ಪ್ರೇಮ, ಆಮೇಲೆ ಮದುವೆ. ನಮ್ಮ ಹಳೇ ಚಿತ್ರಗಳಲ್ಲಿ ದೊಡ್ಡ ಮನೆಗೆ ಪಾಠ ಹೇಳಲು ಬಂದ ಬಡ ಹುಡುಗಿಯ ಕಥೆ ನೆನಪಾಗುತ್ತದೆ ಅಲ್ಲವೇ?

ಕಥೆ ಎಲ್ಲರಿಗೂ ಹಿಡಿಸಿತು. ಆದರೆ ಹುಡುಗಿಯನ್ನು ಯಹೂದಿ ಬದಲು ಇಟಲಿ ಮೂಲದವಳನ್ನಾಗಿ ಮಾಡಿ ಎಂಬ ಒತ್ತಡ ಬಂತು. ಡ್ರೆಶರ್ ಜಗ್ಗಲಿಲ್ಲ. ತನಗೆ ಗೊತ್ತಿರುವುದು ತನ್ನ ಮನೆ, ತನ್ನ ಓಣಿ, ತನ್ನ ಅಮ್ಮ ಎಂದು ಪಟ್ಟು ಹಿಡಿದಳು. ತನ್ನ ಹೆತ್ತವರಾದ ಸಿಲ್ವಿಯಾ, ಮಾರ್ಟಿ ಅವರ ಹೆಸರುಗಳನ್ನೇ ಪಾತ್ರದ ಅಪ್ಪ-ಅಮ್ಮನಿಗೂ ಇಟ್ಟಳು! 1993ರಿಂದ 1999ರವರೆಗೆ 146 ಕಂತು. ಪೂರ್ವ ಯೂರೋಪಿನಿಂದ ಬಂದ ಯಹೂದಿಗಳ ಮನೆಮಾತು ಯಿಡ್ಡಿಷ್. ಅದರ ಬೈಗುಳ, ಮುದ್ದು, ನಿಟ್ಟುಸಿರು ಎಲ್ಲ ಅಮೆರಿಕದ ಬೈಠಕ್‌ಖಾನೆಗಳಿಗೆ ಬಂದವು.

ಟೀಕೆ ಇರಲಿಲ್ಲವೇ? ಬೇಕಾದಷ್ಟಿತ್ತು. ಯಾವಾಗಲೂ ಸೇಲ್ ಹುಡುಕುವವಳು, ಗಂಡು ಹುಡುಕುವವಳು, ಕೂಗಾಡುವವಳು, ಯಹೂದಿ ಹೆಣ್ಣು ಎಂದರೆ ಇಷ್ಟೇನಾ ಎಂದು ಯಹೂದಿ ಹೆಂಗಸರೇ ಕೇಳಿದರು. ಅಮ್ಮ ಸಿಲ್ವಿಯಾ ಆಗಿ ನಟಿಸಿದ ರೆನೀ ಟೇಲರ್ ಬಾಯಿಗೆ ತಿಂಡಿ ಹಾಕಿಕೊಳ್ಳದೆ ಪರದೆಗೆ ಬಂದದ್ದೇ ಕಡಿಮೆ. ಟೀಕೆಯಲ್ಲಿ ಹುರುಳಿದೆ. ಆದರೆ ಒಂದು ಮಾತು ಫ್ರಾನ್ ಪರವಾಗಿ ಹೇಳಲೇಬೇಕು. ಆಕೆ ದನಿ ಬದಲಿಸಿಕೊಳ್ಳಲಿಲ್ಲ, ಉಡುಪು ಬದಲಿಸಿಕೊಳ್ಳಲಿಲ್ಲ, ಅಮ್ಮನನ್ನು ಮುಚ್ಚಿಡಲಿಲ್ಲ. ಸಾಹೇಬನೇ ಅವಳ ಕಡೆಗೆ ಬಂದ. ಕೊನೆಯಲ್ಲಿ ಅವಳಿ ಮಕ್ಕಳನ್ನು ಹೆರುತ್ತಾಳೆ. ಹಳೇ ಕಟ್ಟಳೆಯ ಪ್ರಕಾರವೇ ಆ ಮಕ್ಕಳು ಯಹೂದಿಗಳು! ಬರ್ನಿಯ ಮೇಲೆ ಹರಿಹಾಯ್ದ ರಬ್ಬಿಗಳೂ ಇಲ್ಲಿ ತಪ್ಪು ಹುಡುಕಲು ಸ್ವಲ್ಪ ತಡಕಾಡಬೇಕಿತ್ತು.

ಇದೇ ಧಾರಾವಾಹಿ ರಷ್ಯಾಕ್ಕೆ ಹೋದಾಗ (2004) ಏನಾಯಿತು ಗೊತ್ತೇ? ಯಹೂದಿ ದಾದಿ ಯುಕ್ರೇನಿನ ಮರಿಯುಪೋಲ್ ಊರಿನ ಹುಡುಗಿಯಾಗಿಬಿಟ್ಟಳು. ನ್ಯೂಯಾರ್ಕಿನಲ್ಲಿ ಡ್ರೆಶರ್ ಬಿಟ್ಟುಕೊಡದ್ದನ್ನು ಮಾಸ್ಕೋದಲ್ಲಿ ಸಲೀಸಾಗಿ ಬದಲಿಸಿದರು. ಅಂದಹಾಗೆ, ಇದೇ ಡ್ರೆಶರ್ 2021ರಿಂದ 2025ರವರೆಗೆ ಅಮೆರಿಕದ ನಟನಟಿಯರ ಸಂಘದ ಅಧ್ಯಕ್ಷೆ. 2023ರಲ್ಲಿ 118 ದಿನ ನಡೆದ ಮುಷ್ಕರದಲ್ಲಿ ದೊಡ್ಡ ದೊಡ್ಡ ಸ್ಟುಡಿಯೋಗಳ ಎದುರು ನಿಂತು ಕೂಗಿದ್ದು ಅದೇ ಕೀರಲು ದನಿ!

ಷಾರ್ಲೆಟ್ ಮೋಂಬತ್ತಿ ಹಚ್ಚಿದಳು

ಧರ್ಮ ಪರದೆಯ ಹಿಂದಿನಿಂದ ಮುಂದಕ್ಕೆ ಬಂದದ್ದು 2003ರಲ್ಲಿ, ಯಾರೂ ನಿರೀಕ್ಷಿಸದ ಕಡೆಯಿಂದ. ‘ಸೆಕ್ಸ್ ಅಂಡ್ ದ ಸಿಟಿ’ ಎಂಬ ಹೆಸರು ಕೇಳಿ ಹುಬ್ಬೇರಿಸುವವರು ಸ್ವಲ್ಪ ತಾಳಿ. ಅದರ ಷಾರ್ಲೆಟ್ ಎಂಬ ಸಂಭಾವಿತ ಕ್ರೈಸ್ತ ಹುಡುಗಿ ತನ್ನ ವಿಚ್ಛೇದನದ ವಕೀಲ ಹ್ಯಾರಿ ಗೋಲ್ಡನ್‌ಬ್ಲಾಟ್‌ನನ್ನು ಪ್ರೀತಿಸುತ್ತಾಳೆ. ಬೋಳುತಲೆ, ಬೆವರು, ಒರಟು ಊಟ... ಆದರೆ ಬಂಗಾರದ ಮನಸ್ಸು. ಯಹೂದಿಯಲ್ಲದವಳನ್ನು ಮದುವೆಯಾಗಲಾರೆ ಎನ್ನುತ್ತಾನೆ ಅವನು. ಸರಿ, ನಾನೇ ಯಹೂದಿಯಾಗುತ್ತೇನೆ ಎಂದು ಹೊರಡುತ್ತಾಳೆ ಇವಳು.

ರಬ್ಬಿ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಅದೂ ಸಂಪ್ರದಾಯವೇ. ಬರುವವರನ್ನು ಕೈಹಿಡಿದು ಕರೆಯುವ ಧರ್ಮವಲ್ಲ ಅದು, ನಿಜವಾಗಿ ಬೇಕೇ ಎಂದು ಪರೀಕ್ಷಿಸಿ ಒಳಗೆ ಬಿಡುತ್ತದೆ. ಷಾರ್ಲೆಟ್ ಬಿಡುವವಳಲ್ಲ. ಓದುತ್ತಾಳೆ, ಕಲಿಯುತ್ತಾಳೆ, ಮಿಕ್ವೆ ಎಂಬ ಶುದ್ಧಿಸ್ನಾನ ಮಾಡುತ್ತಾಳೆ. ಮೊದಲ ಸಬ್ಬತ್ ಸಂಜೆ ಮೈಮುರಿದು ಅಡಿಗೆ ಮಾಡಿ, ಮೋಂಬತ್ತಿ ಹಚ್ಚಿ, ಮಂತ್ರ ಹೇಳಿ ಕೂರುತ್ತಾಳೆ. ಹುಟ್ಟು ಯಹೂದಿ ಹ್ಯಾರಿಯ ಕಣ್ಣು ಎಲ್ಲಿ? ಟಿ.ವಿ.ಯ ಬೇಸ್‌ಬಾಲ್ ಪಂದ್ಯದ ಮೇಲೆ!

ಈ ದೃಶ್ಯ ಬರೆದವನ ಕೈಗೆ ಬೆಳ್ಳಿ ಕಡಗ ತೊಡಿಸಬೇಕು. ಹುಟ್ಟಿನಿಂದ ಬಂದದ್ದಕ್ಕೆ ಬೆಲೆಯಿಲ್ಲ, ಬೆವರು ಸುರಿಸಿ ಪಡೆದದ್ದಕ್ಕೆ ಇದೆ. ಜಗಳವಾಗುತ್ತದೆ, ಬೇರೆಯಾಗುತ್ತಾರೆ, ಮತ್ತೆ ಸೇರುತ್ತಾರೆ. ಅದರಾಚೆಗೂ ಷಾರ್ಲೆಟ್ ಯಹೂದಿಯಾಗಿಯೇ ಉಳಿಯುತ್ತಾಳೆ. ಮುಂದುವರಿದ ಭಾಗವಾದ ‘ಅಂಡ್ ಜಸ್ಟ್ ಲೈಕ್ ದಟ್’ನಲ್ಲಿ (2022) ಮಗು ತನಗೆ ಧರ್ಮದೀಕ್ಷೆಯ ಸಮಾರಂಭ ಬೇಡ ಎಂದಾಗ, ಹಾಕಿದ ಚಪ್ಪರ ವ್ಯರ್ಥವಾಗದಂತೆ ಅಮ್ಮನೇ ಮುಂದೆ ಬಂದು ದೀಕ್ಷೆ ಪಡೆಯುತ್ತಾಳೆ. ಪ್ರೇಮಕ್ಕಾಗಿ ಹೊಕ್ಕ ಮನೆ ಅವಳ ಸ್ವಂತ ಮನೆಯೇ ಆಯಿತು. ಅರ್ಧ ಗಂಟೆಯ ಹಾಸ್ಯದಲ್ಲಿ ಧರ್ಮವನ್ನು ಇಷ್ಟು ಗಂಭೀರವಾಗಿ ತೋರಿಸಿದ್ದು ಅಲ್ಲಿಯವರೆಗೆ ಅಪರೂಪ.

ಗುರುಗಳೇ ಪ್ರೇಮಿಯಾದರೆ?

ಈಗ ಇತ್ತೀಚಿನ ಭರ್ಜರಿ ಹಿಟ್‌ಗೆ ಬರೋಣ. 2024ರ ಸೆಪ್ಟೆಂಬರ್ 26ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ನೋಬಡಿ ವಾಂಟ್ಸ್ ದಿಸ್’. ಇಲ್ಲಿ ನಾಯಕ ಬರೀ ಯಹೂದಿಯಲ್ಲ, ಸಾಕ್ಷಾತ್ ರಬ್ಬಿ! ನೋವಾ ರೋಕ್ಲಾವ್ ಆಗಿ ಆಡಂ ಬ್ರೋಡಿ. ನಾಯಕಿ ಜೋಆನ್ ಆಗಿ ಕ್ರಿಸ್ಟನ್ ಬೆಲ್. ತಂಗಿಯ ಜೊತೆ ಕೂತು ಗಂಡು-ಹೆಣ್ಣಿನ ವಿಷಯವನ್ನು ಎಗ್ಗಿಲ್ಲದೆ ಮಾತಾಡಿ ಪಾಡ್‌ಕಾಸ್ಟ್ ಮಾಡುವವಳು, ದೇವರ ಗೊಡವೆಗೇ ಹೋಗದವಳು. ಕಥೆ ಬರೆದ ಎರಿನ್ ಫಾಸ್ಟರ್ ಸ್ವತಃ ಯಹೂದಿಯನ್ನು ಮದುವೆಯಾಗಲು ಯಹೂದಿ ಧರ್ಮಕ್ಕೆ ಸೇರಿದಾಕೆ. ಅಂದಮೇಲೆ ಕಥೆ ಗಾಳಿಯಲ್ಲಿ ಹುಟ್ಟಿದ್ದಲ್ಲ.

ಇದರಲ್ಲಿ ಮೆಚ್ಚಬೇಕಾದದ್ದು ಬಹಳ. ಇಷ್ಟು ಕಾಲ ಯಹೂದಿ ಗಂಡು ಎಂದರೆ ಪುಕ್ಕಲ, ಗೊಣಗುವವ, ಅಮ್ಮನ ಸೆರಗು ಹಿಡಿದವ. ನೋವಾ ಹಾಗಲ್ಲ. ಚೆಲುವ, ನೆಮ್ಮದಿಯವ, ತನ್ನ ಧರ್ಮದ ಬಗ್ಗೆ ನಾಚಿಕೆಯಿಲ್ಲದವ. ಒಂದು ಶುಕ್ರವಾರ ಸಂಜೆ ಹೋಟೆಲಿನ ಮೇಜಿನ ಮೇಲೆಯೇ ಅವಳಿಗಾಗಿ ಸಬ್ಬತ್ ಮೋಂಬತ್ತಿ ಹಚ್ಚುವ ದೃಶ್ಯ ಇದೆ. ಪ್ರೇಮಗೀತೆ ಬೇಡ, ಮಳೆ ಬೇಡ, ಮರ ಸುತ್ತುವುದು ಬೇಡ. ಪ್ರಾರ್ಥನೆಯೇ ಅಲ್ಲಿ ಪ್ರಣಯ! ಬರ್ನಿಗೆ ಅಂಥ ಒಂದು ದೃಶ್ಯ ಕೊಟ್ಟಿದ್ದರೆ ಕಥೆಯೇ ಬೇರೆಯಾಗುತ್ತಿತ್ತೇನೋ.

ಜೊತೆಗೆ ಇಲ್ಲಿ ನಿಜವಾಗಿ ಏನೋ ಪಣಕ್ಕಿದೆ. ಅವಳನ್ನು ಮದುವೆಯಾದರೆ ಅವನ ಮುಖ್ಯ ರಬ್ಬಿ ಆಗುವ ಕನಸು ಹೋಗುತ್ತದೆ. ಅವಳು ಧರ್ಮ ಬದಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಹತ್ತು ಕಂತು ಮುಗಿದರೂ ಗಂಟು ಬಿಚ್ಚುವುದಿಲ್ಲ. 2025ರ ಅಕ್ಟೋಬರಿನಲ್ಲಿ ಬಂದ ಎರಡನೇ ಭಾಗದಲ್ಲಿಯೂ ಅದೇ ಗಂಟನ್ನು ಎಳೆಯುತ್ತಾರೆ. ಮೂರನೆಯದಕ್ಕೂ ಒಪ್ಪಿಗೆ ಸಿಕ್ಕಿತು. ಪ್ರೀತಿ ಗೆದ್ದಿತು, ಶುಭಂ ಎಂದು ಬೋರ್ಡು ಹಾಕದೆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಇಟ್ಟದ್ದು ಶ್ಲಾಘನೀಯ.

ಅಮ್ಮ ಎಂಬ ಖಳನಾಯಕಿ

ಆದರೆ... ಈ ಆದರೆ ದೊಡ್ಡದು. ನೋವಾ ಬಂಗಾರ, ಸರಿ. ಅವನ ಸುತ್ತ ಇರುವ ಯಹೂದಿ ಹೆಂಗಸರು? ಅಮ್ಮ ಬೀನಾ ವಿಷ ಕಾರುವವಳು. ಅತ್ತಿಗೆ ಎಸ್ತರ್ ಮುಖ ಗಂಟಿಕ್ಕಿಕೊಂಡೇ ಇರುವವಳು. ಅವನು ಬಿಟ್ಟುಬಂದ ಹುಡುಗಿ ರೆಬೆಕ್ಕಾ ಅವನಿಗೆ ಹೇಳದೆ ಉಂಗುರ ಹುಡುಕಿ ತೊಟ್ಟುಕೊಂಡವಳು! ಇವರೆಲ್ಲರ ನಡುವೆ ಬೆಳ್ಳಗೆ ಹೊಳೆಯುವವಳು ಹೊರಗಿನ ಜೋಆನ್ ಒಬ್ಬಳೇ. ಧಾರಾವಾಹಿ ಬಂದ ವಾರದಲ್ಲೇ ಯಹೂದಿ ಲೇಖಕಿಯರು ಇದನ್ನು ಎತ್ತಿ ಆಡಿದರು. ನಮ್ಮ ಗಂಡಸರನ್ನು ಚೆಂದ ಮಾಡಲು ನಮ್ಮನ್ನೇಕೆ ಕುರೂಪ ಮಾಡುತ್ತೀರಿ ಎಂಬುದು ಅವರ ದೂರಿನ ಸಾರ.

ಬೀನಾ ಪಾತ್ರ ಮಾಡಿದ ಟೋವಾ ಫೆಲ್ಡ್‌ಶು ಮಹಾನ್ ನಟಿ. ಆದರೆ ಇದಕ್ಕೂ ಮುಂಚೆ ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’ (2015-19) ಧಾರಾವಾಹಿಯಲ್ಲಿ ನಾಯಕಿಯ ಬೈಗುಳದ ಅಮ್ಮನಾಗಿ ಬಂದವರೂ ಅವರೇ. ನಮ್ಮಲ್ಲಿ ಒಮ್ಮೆ ಘಟವಾಣಿ ಅತ್ತೆಯಾದವಳು ಜೀವಮಾನವಿಡೀ ಅತ್ತೆಯೇ ಅಲ್ಲವೇ, ಹಾಗೆ! ಈ ಬೀನಾಳದ್ದೇ ಒಂದು ದೃಶ್ಯ ನೋಡಿ. ಜೋಆನ್ ಗೊತ್ತಿಲ್ಲದೆ ಆ ಮನೆಗೆ ಹಂದಿಮಾಂಸದ ತಿಂಡಿ ತರುತ್ತಾಳೆ. ಎಲ್ಲರ ಮುಖ ಸಿಂಡರಿಸುತ್ತದೆ. ಆಮೇಲೆ ಅಡಿಗೆಮನೆಯಲ್ಲಿ ಕದ್ದು ಅದನ್ನೇ ತಿನ್ನುತ್ತಾ ಸಿಕ್ಕಿಬೀಳುವವಳು ಬೀನಾ! ಥಿಯೇಟರಾಗಿದ್ದರೆ ಶಿಳ್ಳೆ ಬೀಳುವ ದೃಶ್ಯ. ಆದರೆ ಆ ನಗುವಿಗೆ ಬೆಲೆ ತೆತ್ತವಳು ಯಾರು? ವ್ರತ ಹಿಡಿದವಳೇ ಢೋಂಗಿ ಎಂದಾಯಿತು. ಮಗ ಹೊರಗಿನವಳನ್ನು ತಂದರೆ ಅಮ್ಮ ಯಾಕೆ ಹೆದರುತ್ತಾಳೆ, ಆ ಹೆದರಿಕೆ ಎಲ್ಲಿಂದ ಬಂತು, ಆ 60 ಲಕ್ಷದ ಲೆಕ್ಕ ಅವಳ ಮನೆಯೊಳಗೂ ಇದೆಯೇ, ಇದನ್ನು ಕೇಳುವಷ್ಟು ಹೊತ್ತು ಕ್ಯಾಮರಾ ಅವಳ ಮುಖದ ಮೇಲೆ ನಿಲ್ಲುವುದಿಲ್ಲ.

ಅವರ ಭಾಷೆಯಲ್ಲಿ ಹೊರಗಿನ ಹುಡುಗಿಯನ್ನು ‘ಶಿಕ್ಸಾ’ ಎನ್ನುತ್ತಾರೆ. ಮೂಲದಲ್ಲಿ ಹೇಸಿಗೆ ಎಂಬರ್ಥದ ಪದದಿಂದ ಬಂದದ್ದು. ಧಾರಾವಾಹಿಯಲ್ಲಿ ಈ ಪದ ತಮಾಷೆಯಾಗಿ ಸುಳಿದಾಡುತ್ತದೆ. ಎರಡೂ ಕಡೆ ಮುಳ್ಳಿರುವ ಪದ. ಹೊರಗಿನವಳಿಗೆ ಅವಮಾನ, ಒಳಗಿನ ಹುಡುಗಿಗೆ ಹೊಟ್ಟೆಯುರಿ.

ಬಣ್ಣ ಹಚ್ಚುವವರು ಯಾರು?

ನಾದಿರಾ ಮಾತು ಬಂದಾಗ ಆಮೇಲೆ ಎಂದಿದ್ದೆವಲ್ಲ, ಆ ಜಗಳ ಇದು. ಬರ್ನಿಯಾದ ಡೇವಿಡ್ ಬಿರ್ನಿ ಯಹೂದಿಯಲ್ಲ, ಐರಿಷ್ ಮೂಲದವ! ರೋಡಾ ಆದ ವ್ಯಾಲರಿ ಹಾರ್ಪರ್ ಯಹೂದಿಯಲ್ಲ. ಅಮ್ಮ ಐಡಾ ಆದ ನ್ಯಾನ್ಸಿ ವಾಕರ್ ಕೂಡ ಅಲ್ಲ. ಐವತ್ತರ ದಶಕದ ಯಹೂದಿ ಮನೆಯನ್ನು ವೈಭವದಿಂದ ತೋರಿಸಿದ ‘ದ ಮಾರ್ವೆಲಸ್ ಮಿಸೆಸ್ ಮೈಸೆಲ್’ (2017-23) ನಾಯಕಿ ರೇಚೆಲ್ ಬ್ರಾಸ್ನಹನ್ ಯಹೂದಿಯಲ್ಲ, ಅವಳ ಅಪ್ಪನಾದ ಟೋನಿ ಶಲೂಬ್ ಲೆಬನಾನ್ ಮೂಲದ ಕ್ರೈಸ್ತ. 2021ರಲ್ಲಿ ಹಾಸ್ಯನಟಿ ಸಾರಾ ಸಿಲ್ವರ್‌ಮನ್ ಬಹಿರಂಗವಾಗಿಯೇ ಇದನ್ನು ಪ್ರಶ್ನಿಸಿದಳು. ಬೇರೆ ಜನಾಂಗದ ಪಾತ್ರಗಳಿಗೆ ಅದೇ ಜನಾಂಗದವರು ಬೇಕು ಎನ್ನುವ ಕಾಲದಲ್ಲಿ, ಯಹೂದಿ ಹೆಣ್ಣಿನ ದೊಡ್ಡ ಪಾತ್ರಗಳಿಗೆ ಮಾತ್ರ ಯಹೂದಿ ನಟಿ ಬೇಡವೇ ಎಂಬುದು ಅವಳ ವಾದ.

ನಟನೆ ಎಂದರೆ ಪರಕಾಯ ಪ್ರವೇಶ, ಒಪ್ಪೋಣ. ಹಾರ್ಪರ್ ರೋಡಾಳಾಗಿ ಮೆರೆದದ್ದು ಸುಳ್ಳೇ? ಅಲ್ಲ. ಆದರೆ ಲೆಕ್ಕ ಒಂದು ಕಡೆಗೇ ವಾಲುವುದನ್ನು ನೋಡಿ. ಕಥೆಯೊಳಗೆ ಯಹೂದಿ ಹುಡುಗ ಹೊರಗಿನ ಹುಡುಗಿಯನ್ನು ಆರಿಸುತ್ತಾನೆ. ಕಥೆಯ ಹೊರಗೆ ನಿರ್ಮಾಪಕನೂ ಅದನ್ನೇ ಮಾಡುತ್ತಾನೆ. ಎರಡು ಕಡೆಯೂ ಪಾತ್ರ ಕಳೆದುಕೊಂಡವಳು ಯಹೂದಿ ಹುಡುಗಿ. ಅವಳಿಗೆ ಉಳಿಯುವುದು ಅತ್ತಿಗೆ ವೇಷ, ಇಪ್ಪತ್ತು ವರ್ಷದ ಮೇಲೆ ಅಮ್ಮನ ವೇಷ. ಫ್ರಾನ್ ಡ್ರೆಶರ್ ಇಟಲಿಯವಳಾಗಲು ಒಪ್ಪದ್ದು ಯಾಕೆ ದೊಡ್ಡ ಸಂಗತಿ ಎಂದು ಈಗ ತಿಳಿಯಿತಲ್ಲ?

ಅಮೆರಿಕದಲ್ಲಿ ಈಗ ಸುಮಾರು 75 ಲಕ್ಷ ಯಹೂದಿಗಳು. ಬೆಂಗಳೂರಿನ ಜನಸಂಖ್ಯೆಗಿಂತಲೂ ಕಡಿಮೆ. ಆ ಸುಮಾರು ಮೂವತ್ತನಾಲ್ಕು ಕೋಟಿಯ ದೇಶದಲ್ಲಿ ಎಷ್ಟೋ ಊರುಗಳವರು ಯಹೂದಿಯನ್ನು ನೋಡಿರುವುದು ಟಿ.ವಿ.ಯಲ್ಲಿ ಮಾತ್ರ. ಸಮುದ್ರದಾಚೆಯ ನಮಗಂತೂ ಅದೇ ಗತಿ. ಅಂದಮೇಲೆ ಅರ್ಧ ಗಂಟೆಯ ಹಾಸ್ಯ ಬರೀ ಹಾಸ್ಯವಾಗಿ ಉಳಿಯುವುದಿಲ್ಲ, ಒಂದು ಜನಾಂಗದ ಗುರುತಿನ ಚೀಟಿಯಾಗಿಬಿಡುತ್ತದೆ.

ಐವತ್ತು ವರ್ಷದಲ್ಲಿ ನಾಯಕ ಬೆಳೆದಿದ್ದಾನೆ. ಟ್ಯಾಕ್ಸಿ ಓಡಿಸುತ್ತಿದ್ದ ಬರ್ನಿ ಈಗ ಪೀಠದಲ್ಲಿ ಕೂರುವ ನೋವಾ. ಹೊರಗಿನಿಂದ ಬಂದ ನಾಯಕಿಯೂ ಬೆಳೆದಿದ್ದಾಳೆ. ಬ್ರಿಜೆಟ್‌ಗೆ ಕೇಳದ ಪ್ರಶ್ನೆಯನ್ನು ಷಾರ್ಲೆಟ್, ಜೋಆನ್ ತಮಗೆ ತಾವೇ ಕೇಳಿಕೊಂಡಿದ್ದಾರೆ. ಬೆಳೆಯದೆ ನಿಂತಲ್ಲೇ ನಿಂತವಳು ಅಮ್ಮ ಒಬ್ಬಳೇ. ಕುಲ ಉಳಿಯುವುದು ತಾಯಿಯಿಂದ ಎನ್ನುವ ಜನರ ಕಥೆಯಲ್ಲಿ ತಾಯಿಗೇ ಈ ಗತಿ! ಮುಂದಿನ ಸಲ ಯಾರಾದರೂ ಇಂಥ ಧಾರಾವಾಹಿ ತೆಗೆಯುವುದಾದರೆ ಒಂದು ಸಣ್ಣ ಅರಿಕೆ. ಮದುವೆ ಯಾರ ಜೊತೆ ಬೇಕಾದರೂ ಮಾಡಿಸಿ ಸ್ವಾಮಿ, ಅಡ್ಡಿಯಿಲ್ಲ. ಆ ಅಮ್ಮನಿಗೂ ಒಂದು ಕ್ಲೋಸಪ್ ಕೊಡಿ.